ದೇವರ ಸೀರೆಗೂ ನನ್ನ ಸೀರೆಗೂ ನಡುವೆ

ನಮ್ಮತ್ತೆಯ ಬಿಳಿ ಸೀರೆಯ ಬಗ್ಗೆ ಬೆಂಗಳೂರಿನ ಎರಡು ಪತ್ರಿಕೆಗಳು ಬರೆದವು. ಅದೊಂದು ಸೀರೆ ಎಂಬುದು ಮಾತ್ರ ಎರಡಕ್ಕೂ ಗೊತ್ತಾಗಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಎಂದು ಮಕ್ಕಳು ಹೇಳುತ್ತಾರೆ. ಹೇಳಲಿ. ಅವರ ಸೀರೆಯನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಬೇಸಿಗೆ ಅದು. ದೊಡ್ಡಬೆಳವಂಗಲದಲ್ಲಿ ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದು ಬರಬೇಕಾದ ಊರು ನಮ್ಮದು. ನಾನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಮೂವರೇ: ಅತ್ತೆ, ಯಜಮಾನರು, ನಾನು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಯಜಮಾನರಿಗೆ ರಾಗಿ ಹೊಲದ ಕೆಲಸ ಎಷ್ಟು ಬರುತ್ತಿತ್ತೋ ಕಾಣೆ, ಗಂಟಲು ಮಾತ್ರ ದೇವರು ಕೊಟ್ಟದ್ದು. ಕಣದ ಕೆಲಸ ಮುಗಿದರೆ ಸಾಕು, ಊರಿನವರೆಲ್ಲ ಸೇರಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ನಾಟಕ ಕಲಿಯುತ್ತಿದ್ದರು. ಹೆಣ್ಣು ಪಾತ್ರವೆಂದರೆ ನಮ್ಮ ಯಜಮಾನರೇ.

ಆ ವರ್ಷ ಎತ್ತಿಕೊಂಡದ್ದು ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಸೆಳೆಯುವ ಪೌರಾಣಿಕ ನಾಟಕ. ನಮ್ಮ ಕಡೆ ಅದಕ್ಕೆ ಬೇರೆ ಹೆಸರೇ ಬೇಡ, 'ಸೀರೆ ನಾಟಕ' ಅಂದರೆ ಸಾಕು. ರಾಣಿ ನಮ್ಮವರು. ಸೀರೆ ಎಳೆಯುವವರು ಪಟೇಲರ ತಮ್ಮ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ನೆರಿಗೆ ಹಿಡಿಯುವುದನ್ನು ಯಜಮಾನರಿಗೆ ನಾನೇ ಕಲಿಸಿದೆ. ಅದನ್ನು ನೋಡಿ ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ನಿನಗಿಂತ ಅವನೇ ಚೆನ್ನಾಗಿ ಉಡ್ತಾನೆ ಕಣಮ್ಮಣ್ಣಿ" ಎಂದು ನನ್ನನ್ನು ಕಾಡಿಸುತ್ತಿದ್ದರು.

ಯುದ್ಧ ಮುಗಿದಿತ್ತು, ಆದರೆ ಬಟ್ಟೆಗೆ ಬಂದಿದ್ದ ಬರ ಮುಗಿದಿರಲಿಲ್ಲ. ಡಿಪೋ ಮುಂದೆ ಕೂಪನ್ ಹಿಡಿದು ನಿಲ್ಲಬೇಕು, ಕೊಟ್ಟದ್ದನ್ನು ತರಬೇಕು, ಬಣ್ಣ ಕೇಳುವ ಹಾಗಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳಲ್ಲೇ ನೂಲಿಲ್ಲದೆ ಎಷ್ಟೋ ಸುಮ್ಮನೆ ಕುಳಿತಿದ್ದವು. ಅತ್ತೆಗಿದ್ದದ್ದು ಎರಡೇ ಬಿಳಿ ಸೀರೆ, ಒಂದು ಮೈಮೇಲೆ, ಒಂದು ಒಣಹಾಕುವ ಹಗ್ಗದ ಮೇಲೆ. ಗಂಡ ಸತ್ತವಳು ಬಣ್ಣ ಉಡುವ ಹಾಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಹಿಂದಿನ ವರ್ಷಗಳಲ್ಲಿ ವೇಷದ ಸಾಮಾನು ಬಾಡಿಗೆಗೆ ಕೊಡುವವನೇ ಉದ್ದನೆಯ ಬಟ್ಟೆಯನ್ನೂ ಕೊಡುತ್ತಿದ್ದ. ಈ ಸಲ ಅವನು, "ಹೆಣಕ್ಕೆ ಹೊದ್ಸಾಕೇ ಬಟ್ಟೆ ಇಲ್ಲ, ನಿಮ್ಮ ರಾಣಿಗೆಲ್ಲಿಂದ ತರ್ಲಿ ಗುರು" ಎಂದುಬಿಟ್ಟ. ಮನೆಮನೆಯಿಂದ ಒಂದೊಂದು ಸೀರೆ ತಂದು, ಒಂದಕ್ಕೊಂದು ಗಂಟು ಹಾಕಿ, ಪರದೆಯ ಹಿಂದಿನಿಂದ ಬಿಡುತ್ತಾ ಹೋಗುವುದೆಂದು ತೀರ್ಮಾನವಾಯಿತು. ನಾಟಕದ ಅಟ್ಟ ನಮ್ಮ ಮನೆಯ ಜಗಲಿಗೆ ಅಂಟಿಕೊಂಡಂತೆ ಕಟ್ಟಿದ್ದರಿಂದ, ಗಂಟು ಹಾಕುವ ಕೆಲಸ ನಮ್ಮ ನಡುಮನೆಗೆ ಬಂತು.

ಹೆಂಗಸರೆಲ್ಲ ಸೀರೆ ಹಿಡಿದು ಬಂದರು. ಗಂಟು ಹಾಕುವವಳು ನಾನು. ಅರ್ಧ ಕೆಲಸ ಆಗಿತ್ತು, ಅಷ್ಟರಲ್ಲಿ ಅತ್ತೆ ಒಳಗಿನಿಂದ ತಮ್ಮ ಬಿಳಿ ಸೀರೆಯನ್ನು ಮಡಿಸಿ ತಂದು ನನ್ನ ಮುಂದೆ ಇಟ್ಟರು.

"ನಂದೂ ಒಂದು ಇರ್ಲಿ. ನನ್ನ ಮಗನ ಆಟ."

ಪಟೇಲರ ಮನೆಯಾಕೆ ತಮ್ಮ ಸೀರೆಯ ತುದಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ತಪ್ಪು ತಿಳ್ಕೋಬೇಡ ಕಣತ್ತಿಗೆ. ಮುತ್ತೈದೇರ ಸೀರೆ ಇವು. ನಿಂದನ್ನ ಗಂಟು ಹಾಕೋದು ಅಂದ್ರೆ... ನೀನೇ ಯೋಚ್ನೆ ಮಾಡು."

ಅತ್ತೆ ಯೋಚನೆ ಮಾಡಿದರು. ಮಾಡಿ, ಸೀರೆಯನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮದುವೆಯ ಹಸಿರು ಸೀರೆ ಪಕ್ಕದಲ್ಲೇ ಇತ್ತು. ಅದರ ತುದಿಗೆ ಅತ್ತೆಯ ಸೀರೆಯನ್ನು ಬಿಗಿದು ಕಟ್ಟಿದೆ.

"ಅಯ್ಯೋ, ಬ್ಯಾಡಮ್ಮಣ್ಣಿ, ನೀನು ಹೊಸ ಮದ್ಲಗಿತ್ತಿ!"

"ನಿಮ್ಮ ಮಗನ್ನೇ ನನಗೆ ಗಂಟು ಹಾಕಿದ್ದೀರಲ್ಲತ್ತೆ, ಇನ್ನು ಸೀರೆ ಗಂಟಿಗೇನು ಬಂತು?"

ಒಂದಿಬ್ಬರು ನಕ್ಕರು. ಆದರೆ ಬಿಳಿ ಸೀರೆಯ ಇನ್ನೊಂದು ತುದಿ ಹಾಗೇ ಉಳಿಯಿತು. ಅದಕ್ಕೆ ಸೀರೆ ಕೊಡುವವರು ಯಾರು? ಕೊನೆಗೆ ಪೂಜಾರಪ್ಪನ ಹೆಂಡತಿ ಎದ್ದು ಗುಡಿಗೆ ಹೋಗಿ, ಊರಮ್ಮನಿಗೆ ಉಡಿಸಿದ್ದ ಕೇಸರಿ ಸೀರೆ ತಂದಳು. "ಇದಕ್ಕೆ ಕಟ್ಟವ್ವ. ಅಮ್ಮನೋರಿಗೆ ಯಾವ ಸೂತಕ? ಅವಳಿಗೆ ಗಂಡ ಇದ್ದಾನೋ ಇಲ್ವೋ ಅಂತ ಯಾರ್ ಕಂಡೋರು" ಎಂದಳು. ಅಲ್ಲಿಗೆ ಎಲ್ಲರೂ ನಕ್ಕು ಹಗುರವಾದರು.

ಹೀಗೆ ಕೇಸರಿ, ಬಿಳಿ, ಹಸಿರು ಒಂದರ ಪಕ್ಕ ಒಂದು ಬಂದವು. ಇದಿಷ್ಟೇ ಕಾರಣ. ಆ ನಡುಮನೆಯಲ್ಲಿದ್ದ ಒಬ್ಬ ಹೆಂಗಸಿಗೂ ಬಾವುಟದ ನೆನಪಾಗಲಿಲ್ಲ. ನಮ್ಮ ತಲೆಯಲ್ಲಿದ್ದದ್ದು ವಿಧವೆಯ ಸೀರೆಯ ಪಕ್ಕಕ್ಕೆ ಯಾರ ಸೀರೆ ಎಂಬ ತಾಪತ್ರಯ ಮಾತ್ರ.

ನಾಟಕಕ್ಕೆ ದೊಡ್ಡಬಳ್ಳಾಪುರದಿಂದ ಇಬ್ಬರು ಬಾತ್ಮೀದಾರರು ಬಂದಿದ್ದರು. ತಮ್ಮ ಹಾಡಿನ ವಿಚಾರ ಪತ್ರಿಕೆಯಲ್ಲಿ ಒಂದು ಸಾಲಾದರೂ ಬರಲಿ ಎಂದು ಯಜಮಾನರೇ ಹೋಗಿ ಕರೆದಿದ್ದರು. ಅತ್ತೆಗೂ ಅದೇ ಆಸೆ. ಒಬ್ಬರು ಅರಮನೆ ಕಡೆಯ ಪತ್ರಿಕೆಯವರು, ತಲೆಗೆ ಜರಿ ರುಮಾಲು. ಇನ್ನೊಬ್ಬರು ಚಳವಳಿ ಕಡೆಯ ಪತ್ರಿಕೆಯವರು, ತಲೆಗೆ ಬಿಳಿ ಟೋಪಿ. ಒಂದೇ ಚಾಪೆ ಹಾಸಿದರೆ ಕೂರಲಿಲ್ಲ ಮಹಾನುಭಾವರು. ಎರಡು ಚಾಪೆ ಹಾಸಿದೆವು. ಅತ್ತೆ ಇಬ್ಬರಿಗೂ ಒಂದೇ ಪಾತ್ರೆಯಿಂದ ಬೆಲ್ಲದ ಕಾಫಿ ಬಗ್ಗಿಸಿಕೊಟ್ಟರು.

ಸೀರೆ ಸೆಳೆಯುವ ಭಾಗ ಬರುವ ಹೊತ್ತಿಗೆ ಮೂಡಲು ಬೆಳ್ಳಗಾಗುತ್ತಿತ್ತು. ಅತ್ತೆ ಬಾಗಿಲಲ್ಲಿ ಕುಳಿತು ಸೀರೆಯ ಸುರುಳಿಯನ್ನು ಒಂದೊಂದು ಮೊಳವಾಗಿ ಪರದೆಯ ಸಂದಿಗೆ ಬಿಡುತ್ತಿದ್ದರು, ಸಿಕ್ಕಾಗದಂತೆ ನಾನು ಪಕ್ಕದಲ್ಲಿ. ಆಚೆ ಯಜಮಾನರು ದೇವರನ್ನು ಕರೆದು ಹಾಡುತ್ತಿದ್ದರು. ನನ್ನ ಗಂಡ ಎಂದು ಹೇಳುತ್ತಿಲ್ಲ. ಆ ಹಾಡು ಕೇಳಿ ಕಟ್ಟುಮಸ್ತಾದ ಗಂಡಸರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಪಟೇಲರ ತಮ್ಮನೇ ಸೀರೆ ಎಳೆಯುತ್ತಾ ಅಳುತ್ತಿದ್ದರು. ಕೊನೆಯ ಮೇಲಿನ ಸ್ವರದಲ್ಲಿ ಮಾತ್ರ ಯಜಮಾನರ ಗಂಟಲು ಒಡೆಯಿತು. ಅತ್ತೆ ಹಣೆ ಚಚ್ಚಿಕೊಂಡರು. "ಥೂ, ಮಜ್ಜಿಗೆ ಕುಡೀಬ್ಯಾಡ ಕಣೋ ಅಂತ ಬಡ್ಕೊಂಡೆ!"

ಕೇಸರಿ, ಬಿಳಿ, ಹಸಿರು ಸಾಲಾಗಿ ಈಚೆ ಬಂದಾಗ ಹಿಂದಿನಿಂದ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು. ಹಾಡಿಗೆ ಎಂದುಕೊಂಡೆವು. ಆಟ ಮುಗಿದ ಮೇಲೆ ಬಾತ್ಮೀದಾರರು ಒಬ್ಬರಾದ ಮೇಲೆ ಒಬ್ಬರು ಬಂದು, "ಏನ್ ಗಂಟ್ಲು ಸ್ವಾಮಿ ನಿಮ್ದು, ಬರೀತೀನಿ" ಎಂದು ಹೇಳಿ ಹೋದರು.

ಬರೆದರು! ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಬಂದ ಪತ್ರಿಕೆಗಳನ್ನು ಯಜಮಾನರು ದೊಡ್ಡಬೆಳವಂಗಲದಿಂದ ಓಡುತ್ತಲೇ ತಂದರು. ಓದುಬಲ್ಲವಳು ನಾನು, ದೊಡ್ಡಬಳ್ಳಾಪುರದಲ್ಲಿ ನಾಲ್ಕನೇ ಕ್ಲಾಸು ಮುಗಿಸಿದವಳು. ಅತ್ತೆ ರಾಗಿ ಬೀಸುವುದು ನಿಲ್ಲಿಸಿ ಕಾಲು ಚಾಚಿ ಕುಳಿತರು.

ಅರಮನೆ ಕಡೆಯದು ಹೀಗಿತ್ತು: ಪುರಾಣದ ಸೋಗಿನಲ್ಲಿ ಬಾವುಟ ಹಾರಿಸಿ ಪ್ರಜೆಗಳನ್ನು ರೊಚ್ಚಿಗೆಬ್ಬಿಸಲಾಗಿದೆ, ರಾಣಿ ಪಾತ್ರಧಾರಿ ದಿನವೂ ಒರಟು ಮಗ್ಗದ ಬಟ್ಟೆ ಉಡುವ ಚಳವಳಿಗಾರ. ಡಿಪೋದಲ್ಲಿ ಬೇರೆ ಪಂಚೆ ಸಿಗದೆ ಉಟ್ಟದ್ದು ಸ್ವಾಮಿ ಅದು!

ಚಳವಳಿ ಕಡೆಯದು ಇನ್ನೂ ಚೆಂದ: ಪಟೇಲರ ತಮ್ಮನಿಂದ ಬಾವುಟವನ್ನು ಎಳೆಸಿ ಕಾಲಡಿ ಹಾಕಿಸಿ ಅವಮಾನ ಮಾಡಲಾಗಿದೆ, ಇದು ಪ್ರಭುತ್ವದ ಬಾಲಬಡುಕರ ಕುತಂತ್ರ. ಒಂದೇ ಆಟ, ಒಂದೇ ಕಾಫಿ, ಇಬ್ಬರ ಕಣ್ಣೂ ಸರಿಯಾಗಿಯೇ ಇತ್ತು. ಆದರೆ ಇಬ್ಬರೂ ಮನೆಯಿಂದಲೇ ಬರೆದುಕೊಂಡು ಬಂದವರ ಹಾಗೆ ಬರೆದಿದ್ದರು.

ಅತ್ತೆ ಎಲ್ಲ ಕೇಳಿ, "ಅದಿರ್ಲಿ. ಹಾಡಿನ ವಿಚಾರ ಏನ್ ಬರ್ದವ್ರೆ?" ಎಂದರು.

"ಏನೂ ಬರೆದಿಲ್ಲತ್ತೆ."

"ಒಂದು ಮಾತೂ?"

"ಒಂದು ಮಾತೂ ಇಲ್ಲ."

ಯಜಮಾನರು ಎದ್ದು ಎತ್ತಿಗೆ ನೀರು ತೋರಿಸಲು ಹೋದರು. ಎತ್ತಿಗೆ ಆಗಲೇ ನೀರು ಕುಡಿಸಿಯಾಗಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಇರುತ್ತಾರಲ್ಲ, ಮಾರನೆಯ ದಿನ ಪೊಲೀಸಿನ ದಫೇದಾರ ಬಂದ. ಉಳಿದ ಹೆಂಗಸರು ತಂತಮ್ಮ ಸೀರೆ ಬಿಚ್ಚಿಕೊಂಡು ಹೋಗಿದ್ದರು. ನಮ್ಮ ಮೂರು ಮಾತ್ರ ಉಳಿದಿದ್ದವು. ಎಳೆದಾಟದಲ್ಲಿ ಗಂಟು ಕಲ್ಲಾಗಿತ್ತು, ಹಾಗೇ ಒಗೆದು ಹಗ್ಗದ ಮೇಲೆ ಹರವಿದ್ದೆ. ಕೇಸರಿ, ಬಿಳಿ, ಹಸಿರು ಗಾಳಿಗೆ ಪಟಪಟ ಎನ್ನುತ್ತಿದ್ದವು.

"ಏನಮ್ಮಾ, ಹಗಲು ಹೊತ್ನಲ್ಲೇ ಬಾವುಟ ಹಾರಿಸಿದ್ದೀರಲ್ಲ!"

"ಬಾವುಟ ಅಲ್ಲಪ್ಪ, ಸೀರೆ. ನೀರು ತೊಟ್ಟಿಕ್ತಾ ಐತೆ, ಕಾಣಾಕಿಲ್ವಾ?" ಎಂದರು ಅತ್ತೆ.

ಅವನು ಪತ್ರಿಕೆ ತೋರಿಸಿದ. ಓದಲು ಬಾರದ ಅತ್ತೆಗೆ ಪತ್ರಿಕೆ ತೋರಿಸಿದ! ನಾನು ಹಗ್ಗಕ್ಕೆ ಅಡ್ಡ ನಿಂತು, ವಿಧವೆಯ ಸೀರೆ ಎಂದೆ, ದೇವರ ಸೀರೆ ಎಂದೆ, ನಡುಮನೆಯ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. "ಅದನ್ನೆಲ್ಲ ಸಾಹೇಬರ ಹತ್ರ ಹೇಳ್ಕೊಳಿ" ಎಂದು ಒದ್ದೆ ಸೀರೆಗಳನ್ನು ಸುತ್ತಿ ಕಂಕುಳಿಗೆ ಇಟ್ಟುಕೊಂಡು ಹೋಗಿಬಿಟ್ಟ.

ಆವತ್ತಿನಿಂದ ಅತ್ತೆಗೆ ಒಂದೇ ಸೀರೆ. ಅದನ್ನು ಒಗೆದ ದಿನ ಯಜಮಾನರ ಪಂಚೆ ಸುತ್ತಿಕೊಂಡು ಒಳಕೋಣೆಯಲ್ಲಿ ಕುಳಿತಿರುತ್ತಿದ್ದರು. ಯಾರಾದರೂ ಬಾಗಿಲಲ್ಲಿ ಕೂಗಿದರೆ, "ಅತ್ತೆ ಮಲಗಿದ್ದಾರೆ" ಎಂದು ನಾನು ಸುಳ್ಳು ಹೇಳಬೇಕು. ಮಳೆ ಹಿಡಿದರೆ ಆ ಒಂದು ಸೀರೆ ಒಣಗುತ್ತಲೂ ಇರಲಿಲ್ಲ, ಒಲೆಯ ಮುಂದೆ ಹಿಡಿದು ಹಸಿ ಆರಿಸಿಕೊಡುತ್ತಿದ್ದೆ. ಕಳೆ ಕೀಳಲು ಎಲ್ಲರಿಗಿಂತ ಮುಂದಿರುತ್ತಿದ್ದ ಹೆಂಗಸು, ಕೆಸರಾದೀತೆಂದು ಹೊಲಕ್ಕೆ ಇಳಿಯುವುದನ್ನು ಬಿಟ್ಟರು. ಒಂದು ದಿನ ಕೋಣೆಯಲ್ಲಿ ತಾಯಿಯನ್ನು ತಮ್ಮ ಪಂಚೆಯಲ್ಲಿ ನೋಡಿದ ಯಜಮಾನರು ಬಾಗಿಲಿಗೆ ಬೆನ್ನು ಮಾಡಿ ಅತ್ತರು.

"ಅಳ್ಬ್ಯಾಡ ಕಣೋ. ನಾಟಕದಾಗೆ ಎಳೆದೋನು ಆಮೇಲೆ ಮಡ್ಸಿ ಕೊಟ್ಟ. ಇವ್ರು ಎಳ್ಕೊಂಡೇ ಹೋದ್ರು" ಎಂದರು ಅತ್ತೆ.

ಸುಮ್ಮನೆ ಕೂರಲಿಲ್ಲ ನಾವು. ದೊಡ್ಡಬಳ್ಳಾಪುರದ ಕಚೇರಿಗೆ ಅಲೆದೆವು. ಅಮಲ್ದಾರರ ಗುಮಾಸ್ತ, "ಬರೆದದ್ದು ತಪ್ಪು ಅಂತ ಪತ್ರಿಕೆಯಲ್ಲೇ ಬಂದ್ರೆ ತಂದು ತೋರ್ಸಿ, ಬಿಡಿಸಿಕೊಡೋಣ" ಎಂದ. ಪತ್ರಿಕೆಗಾಗಿ ಬೆಂಗಳೂರಿಗೆ ಹೋದೆವು. ಬಸ್ಸಿನ ಇದ್ದಿಲ ಹೊಗೆಗೆ ನನಗೆ ದಾರಿಯುದ್ದಕ್ಕೂ ವಾಂತಿ. ಅರಮನೆ ಕಡೆಯ ಪತ್ರಿಕೆಯವರು, "ಇನ್ನು ಮುಂದೆ ರಾಜದ್ರೋಹ ಮಾಡುವುದಿಲ್ಲ ಅಂತ ಹೇಳಿಕೆ ಕೊಡಿ, ಹಾಕ್ತೀವಿ" ಎಂದರು. ಮಾಡದ್ದನ್ನು ಇನ್ನು ಮುಂದೆ ಮಾಡುವುದಿಲ್ಲ ಎನ್ನುವುದು ಹೇಗೆ? ಚಳವಳಿ ಕಡೆಯವರು, "ಬಾವುಟಕ್ಕೆ ಅವಮಾನ ಮಾಡಿದ್ದಕ್ಕೆ ಕ್ಷಮೆ ಕೇಳಿ, ಹಾಕ್ತೀವಿ" ಎಂದರು. ಯಜಮಾನರು ಕೈಮುಗಿದು ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ.

"ಸ್ವಾಮಿ, ಗಂಡ ಸತ್ತವಳ ಸೀರೆಗೆ ತಮ್ಮ ಸೀರೆ ಗಂಟು ಹಾಕೋಕೆ ಯಾರೂ ಒಪ್ಪಲಿಲ್ಲ. ಅದಕ್ಕೆ ಒಂದು ಕಡೆ ದೇವರದು, ಒಂದು ಕಡೆ ನನ್ನದು ಕಟ್ಟಿದೆ. ಇಷ್ಟೇ ನಡೆದದ್ದು. ಇದನ್ನ ಬರೀರಿ."

ಮೇಜಿನ ಆಚೆ ಕುಳಿತವರು ಒಳ್ಳೆಯ ಮನುಷ್ಯರೇ, ಗದರಲಿಲ್ಲ. ನಕ್ಕರು. "ಅದು ಸುದ್ದಿಯಲ್ಲಮ್ಮ" ಎಂದರು.

ಗದರಿದ್ದರೇ ವಾಸಿಯಾಗಿತ್ತು. ಈಚೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಒಬ್ಬ ಹೆಂಗಸಿಗೆ ಉಡಲು ಸೀರೆ ಇಲ್ಲದಿರುವುದು ಸುದ್ದಿಯಲ್ಲ. ಅವಳ ಮಗ ಹಾಡಿದ್ದು ಸುದ್ದಿಯಲ್ಲ. ನಾನು ಆ ಗಂಟು ಏಕೆ ಹಾಕಿದೆ ಎಂಬುದು ಸುದ್ದಿಯಲ್ಲ. ಹಾಗಾದರೆ ಯಾವುದಯ್ಯಾ ಸುದ್ದಿ? ನಿಮ್ಮಿಬ್ಬರ ಜಗಳಕ್ಕೆ ಬೇಕಾದದ್ದು ಮಾತ್ರವೇ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಾವು ಆ ಮನೆಯ ಕೂಸೂ ಅಲ್ಲ, ದಾರಿಯಲ್ಲಿ ಹೋಗುತ್ತಿದ್ದವರು.

ಇಷ್ಟರಲ್ಲಿ ಊರಿನಲ್ಲೂ ಎರಡು ಚಾಪೆಯಾಗಿತ್ತು. ಪಟೇಲರ ತಮ್ಮ ನಮ್ಮ ಮನೆಗೆ ಬರುವುದು ನಿಂತಿತು. ನಮ್ಮವರನ್ನು ಕಂಡರೆ ಚಳವಳಿಯವನು ಎಂದು ಅವರ ಅಣ್ಣನಿಗೆ ಅಂಜಿಕೆ, ಅವರನ್ನು ಕಂಡರೆ ಬಾಲಬಡುಕ ಎಂದು ಊರ ಹುಡುಗರ ಕೂಗು. ಹಾರ್ಮೋನಿಯಂ ಮೇಷ್ಟ್ರು ಈ ಊರಿನ ಸಹವಾಸವೇ ಬೇಡವೆಂದು ನೆಲಮಂಗಲದ ಕಡೆ ಹೋದರು.

ಆಮೇಲೆ ಸ್ವಾತಂತ್ರ್ಯ ಬಂತು. ಮೈಸೂರು ಸೀಮೆಯಲ್ಲಿ ಇನ್ನೊಂದಿಷ್ಟು ದಿನ ಗಲಾಟೆ ನಡೆದು, ಜನರ ಸರ್ಕಾರವೂ ಬಂತು. ಒಂದು ದಿನ ಬಿಳಿ ಟೋಪಿಯ ಬಾತ್ಮೀದಾರರು ಖುದ್ದು ಮನೆಗೆ ಬಂದರು. ದೊಡ್ಡಬಳ್ಳಾಪುರದಲ್ಲಿ ಸಭೆಯಂತೆ. ಪೊಲೀಸರ ವಶದಲ್ಲಿದ್ದ 'ಐತಿಹಾಸಿಕ ಬಾವುಟ'ವನ್ನು ಬಿಡಿಸಿ ಸಭೆಗೆ ತರುತ್ತಾರಂತೆ. ಯಜಮಾನರಿಗೆ ಹಾರ ಹಾಕುತ್ತಾರಂತೆ. ಕುತಂತ್ರ ಮಾಡಿದ ಬಾಲಬಡುಕರು ಯಾವಾಗ ಐತಿಹಾಸಿಕರಾದೆವೋ ನಾ ಕಾಣೆ.

"ಸೀರೆ ಕೊಡ್ತಾರಾ?" ಅತ್ತೆ ಕೇಳಿದ್ದು ಅದೊಂದೇ.

"ಸಭೇಲಿ ಇರ್ತದೆ ಅಜ್ಜಿ, ಬನ್ನಿ" ಎಂದರು ಅವರು.

ಹೋದೆವು. ವೇದಿಕೆಯ ಮೇಲೆ ಎರಡು ಗಳುವಿನ ನಡುವೆ ನಮ್ಮ ಮೂರು ಸೀರೆ ಕಟ್ಟಿ, ಹೂವಿನ ಹಾರ ಇಳಿಬಿಟ್ಟಿದ್ದರು. ಯಜಮಾನರಿಗೆ ಹಾಡಲು ಹೇಳಿದರು. ಎರಡು ಸಾಲು ಹಾಡುವುದರೊಳಗೆ ಯಾರೋ ದೊಡ್ಡವರ ಕಾರು ಬಂತು, ಎಲ್ಲರೂ ಎದ್ದು ಆ ಕಡೆ ಓಡಿದರು, ಹಾಡು ಅಲ್ಲಿಗೆ ನಿಂತಿತು. ಭಾಷಣ ಶುರುವಾಯಿತು. ಭಾಷಣದ ಮಧ್ಯೆ ಅತ್ತೆ ಹೆಂಗಸರ ಸಾಲಿನಿಂದ ಎದ್ದು ನೇರ ವೇದಿಕೆಗೆ ಹೋದರು. ನಾನು ಹಿಂದೆಯೇ ಓಡಿದೆ.

"ಏನಜ್ಜಿ?"

"ನನ್ನ ಸೀರೆ ಕೊಡ್ರಪ್ಪ."

"ಅಜ್ಜಿ, ಇದು ಈಗ ನಿಮ್ಮ ಸೀರೆಯಲ್ಲ. ದೇಶದ ಸ್ವತ್ತು."

"ದೇಶಕ್ಕೆ ಇನ್ನೊಂದು ನೇಯ್ಸಿಕೊಳಿ. ಊರ ತುಂಬಾ ಮಗ್ಗ ಅವೆ. ನನಗೆ ಮೈಮ್ಯಾಲಿರೋದು ಬಿಟ್ರೆ ಇನ್ನೊಂದಿಲ್ಲ" ಎಂದು ಅತ್ತೆ ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಹೇಳಿದರು.

ಪಟೇಲರ ತಮ್ಮ ಎಲ್ಲಿದ್ದರೋ, ಜನರ ನಡುವಿನಿಂದ ಬಂದು ಗಳುವಿಗೆ ಕಟ್ಟಿದ್ದ ದಾರ ಬಿಚ್ಚಿದರು. ಯಜಮಾನರು ಕೆಳಗೆ ನಿಂತು ಸೀರೆ ಹಿಡಿದುಕೊಂಡರು. ಆ ನಾಟಕ ಮುಗಿದ ಮೇಲೆ ಇಬ್ಬರೂ ಒಂದೇ ಬಟ್ಟೆಗೆ ಕೈಹಾಕಿದ್ದು ಅದೇ ಮೊದಲು. ಗಂಟುಗಳು ಉಗುರಿಗೆ ಜಗ್ಗಲಿಲ್ಲ. ಅಲ್ಲೇ ಕುಳಿತು ಹಲ್ಲಿನಿಂದ ಬಿಡಿಸಿದೆ. ನನ್ನ ಹಸಿರು ಸೀರೆಯ ಅಂಚು ಹರಿಯಿತು, ಹರಿಯಲಿ. ಬಿಳಿಯದು ಉಳಿಯಿತು. ಅತ್ತೆ ಅದನ್ನು ಮಡಿಸಿ ಕಂಕುಳಿಗೆ ಇಟ್ಟುಕೊಂಡು ವೇದಿಕೆ ಇಳಿದರು. ದೇವರ ಸೀರೆಯನ್ನು ಪೂಜಾರಪ್ಪನ ಮನೆಗೆ ತಲುಪಿಸಿದೆವು.

ಎರಡು ದಿನ ಬಿಟ್ಟು ಪತ್ರಿಕೆ ಬಂದವು. ಅತ್ತೆ ಆ ಬಿಳಿ ಸೀರೆ ಉಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಗಂಟು ಬಿದ್ದ ಜಾಗ ಎಷ್ಟು ಒಗೆದರೂ ಸುಕ್ಕು ಬಿಟ್ಟಿರಲಿಲ್ಲ. ಯಜಮಾನರು ಹೊಲದಲ್ಲಿದ್ದರು. ನಾನು ಒಬ್ಬಳೇ ಮೊದಲು ಕಣ್ಣಾಡಿಸಿದೆ. ಅರಮನೆ ಕಡೆಯವರು ಈಗ ಜನರ ಕಡೆಯವರಾಗಿ, ಈ ದೇಶಪ್ರೇಮಿ ನಟನನ್ನು ತಾವು ಮೊದಲಿನಿಂದಲೂ ಮೆಚ್ಚಿಕೊಂಡು ಬಂದವರೆಂದು ಬರೆದಿದ್ದರು. ಇನ್ನೊಂದು ಪತ್ರಿಕೆಯವರು, ಅರಿವಿಲ್ಲದ ಮುದುಕಿಯೊಬ್ಬಳನ್ನು ಪಟೇಲರ ಕಡೆಯವರು ಎತ್ತಿಕಟ್ಟಿ ಬಾವುಟ ಇಳಿಸಿದರೆಂದು ಬರೆದಿದ್ದರು. ಹಾಡಿನ ಸೊಲ್ಲೇ ಇಲ್ಲ.

"ಏನ್ ಬರ್ದವ್ರೆ ಓದಮ್ಮಣ್ಣಿ. ಹಾಡಿನ ವಿಚಾರ ಈ ಸಲನಾದ್ರೂ ಐತಾ?"

ಮುದುಕಿ ಎಂದು ಬರೆದದ್ದನ್ನು ಆ ಮುದುಕಿಗೆ ಓದಿ ಹೇಳುವುದು ಹೇಗೆ? ಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡು, ಅಲ್ಲಿ ಇಲ್ಲದ್ದನ್ನು ಓದತೊಡಗಿದೆ. ಬೇಸಿಗೆಯಲ್ಲಿ ನಡೆದ ನಾಟಕದಲ್ಲಿ ರಾಣಿ ಪಾತ್ರಧಾರಿಯ ಹಾಡು ಕೇಳಿದವರು ಅದನ್ನು ಮರೆತಿಲ್ಲ. ಸೀರೆ ಎಳೆಯುವವನೂ ಅತ್ತ. ಅಂಥ ಗಂಟಲು ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಬೆಳಕು ಹರಿಯುವ ಹೊತ್ತಿನಲ್ಲಿ ದೇವರೇ ಇಳಿದು ಬಂದಂತಿತ್ತು.

ಅತ್ತೆ ಅವರೆಕಾಯಿ ಕೆಳಗಿಟ್ಟು ಪೂರ್ತಿ ಕೇಳಿದರು.

"ಕೊನೇಲಿ ಗಂಟಲು ಒಡೀತಲ್ಲ, ಅದನ್ನ ಬರ್ದವ್ರಾ?"

"ಇಲ್ಲತ್ತೆ. ಅದೊಂದು ಇಲ್ಲ."

ನನ್ನ ಮುಖವನ್ನೊಮ್ಮೆ, ಕೈಯಲ್ಲಿದ್ದ ಪತ್ರಿಕೆಯನ್ನೊಮ್ಮೆ ನೋಡಿ, ಮತ್ತೆ ಕಾಯಿ ಕೈಗೆತ್ತಿಕೊಂಡರು.

"ಹಂಗಾದ್ರೆ ಬರ್ದೋರು ನಮ್ಮ ಕಡೆಯೋರು ಬಿಡು" ಎಂದರು.